ಕಡಲತೀರದ ಲಾಡ್ಜ್: ಕಟ್ಟುತ್ತಿಲ್ಲ, ಲೀಸಿಗೆ ಪಡೆದಿದ್ದೇವೆ

ಪ್ರೀತಿಯ ಗ್ರಾಹಕರಿಗೆ ಸಾಗರದಿಂದ ನಮಸ್ಕಾರಗಳು.

ಜೋಗದ ದಾರಿಯಲ್ಲಿ ರೂಮುಗಳನ್ನು ನಡೆಸುವ ನಾವು ಹೊನ್ನಾವರದ ಕಡೆ ನಮ್ಮದೇ ಒಂದು ಲಾಡ್ಜ್ ಕಟ್ಟುವ ಮಾತು ನಿಮ್ಮಲ್ಲಿ ಬಹಳ ಜನರ ಕಿವಿಗೆ ಬಿದ್ದಿದೆ. "ನಮ್ಮದೂ ಒಂದು ಪಾಲಿರಲಿ" ಎಂದು ಹೆಸರು ಬರೆಸಿದವರೂ ಇದ್ದೀರಿ. ಆ ಯೋಜನೆಯನ್ನು ಕೈಬಿಟ್ಟಿದ್ದೇವೆ. ಬದಲಿಗೆ ಕಾಸರಕೋಡು ತೀರಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಹತ್ತು ರೂಮುಗಳ ಹಳೆಯ ಕಟ್ಟಡವೊಂದನ್ನು ಲೀಸಿಗೆ ಪಡೆದಿದ್ದೇವೆ. ಅಕ್ಟೋಬರ್‌ನಿಂದ ಮೇ ಕೊನೆಯವರೆಗೆ ಅಲ್ಲಿ ರೂಮು ಸಿಗುತ್ತದೆ, ಮಳೆಗಾಲದ ನಾಲ್ಕು ತಿಂಗಳು ಬಾಗಿಲು ಹಾಕಿರುತ್ತೇವೆ. ಬಂಡವಾಳ ಮಾತ್ರ ಯಾರಿಂದಲೂ ತೆಗೆದುಕೊಳ್ಳುವುದಿಲ್ಲ.

ಕಾರಣ ಕೇಳುವ ಹಕ್ಕು ನಿಮಗಿದೆ. ಲೆಕ್ಕ ಇಲ್ಲಿದೆ, ನೀವೇ ನೋಡಿ. ಹತ್ತು ರೂಮು, ದಿನಕ್ಕೆ ಸಾವಿರ ರೂಪಾಯಿ ಬಾಡಿಗೆ ಎಂದು ಇಟ್ಟುಕೊಳ್ಳಿ. ವರ್ಷದ ಸರಾಸರಿಯಲ್ಲಿ ಅರ್ಧ ರೂಮು ತುಂಬಿದರೆ ಬರುವುದು 18.25 ಲಕ್ಷ. ಮಳೆಗಾಲ ಖಾಲಿ ಹೋಗುವುದರಿಂದ ಆ ಅರ್ಧಕ್ಕೆ ಮುಟ್ಟಬೇಕಾದರೂ ಉಳಿದ ಎಂಟು ತಿಂಗಳು ನಾಲ್ಕರಲ್ಲಿ ಮೂರು ರೂಮು ತುಂಬಿರಬೇಕು. ಶನಿವಾರ, ಭಾನುವಾರ, ಡಿಸೆಂಬರ್ ರಜೆಯಲ್ಲಿ ಅದು ಕಷ್ಟವಲ್ಲ. ಮಂಗಳವಾರ, ಬುಧವಾರದ ಮಾತು ಬೇರೆ. ಇನ್ನು ಜಾಗ, ಕಟ್ಟಡ ಸೇರಿ ಒಂದೂವರೆ ಕೋಟಿ ಸಾಲ ಎಂದುಕೊಂಡರೆ ಶೇ. 10ರಂತೆ ಬಡ್ಡಿಯೇ ವರ್ಷಕ್ಕೆ 15 ಲಕ್ಷ. ಉಳಿದ ಮೂರು ಚಿಲ್ಲರೆ ಲಕ್ಷದಲ್ಲಿ ಹುಡುಗರ ಸಂಬಳ, ಕರೆಂಟು, ಬಟ್ಟೆ ಒಗೆತ, ರಿಪೇರಿ ಎಲ್ಲ ಆಗಬೇಕು. ಆಗುವುದಿಲ್ಲ. ಬಾಡಿಗೆ ಎರಡು ಪಟ್ಟು ಮಾಡಿದರೆ ಆದೀತು, ಆದರೆ ಆಗ ಅದು ನಿಮಗಾಗಿ ಮಾಡಿದ ಲಾಡ್ಜ್ ಆಗಿ ಉಳಿಯುವುದಿಲ್ಲ.

ರಿಪೇರಿ ಎಂದೆವಲ್ಲ, ಅದನ್ನು ಮಲೆನಾಡಿನ ಕಣ್ಣಿನಿಂದ ಅಳೆಯಲಾಗದು. ಈಗ ಪಡೆದಿರುವ ಕಟ್ಟಡದಲ್ಲಿ ಸಮುದ್ರದ ಕಡೆಯ ಕಿಟಕಿಯೊಂದರ ಚಿಲಕ ಎಳೆದರೆ ಅದು ತುಕ್ಕಿನ ಪುಡಿಯಾಗಿ ಅಂಗೈಗೆ ಉದುರಿತು. ಅದೇ ಕೋಣೆಯ ಹಿಂದಿನ ಗೋಡೆಯ ಚಿಲಕ ಇನ್ನೂ ಗಟ್ಟಿಯಾಗಿತ್ತು. ಉಪ್ಪುಗಾಳಿ ಹೀಗೆ ಬಾಗಿಲಿನ ಕೀಲು, ಫ್ಯಾನು, ಗೀಸರ್ ಯಾವುದನ್ನೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾದರೆ ಟ್ಯಾಂಕರ್ ತರಿಸಬೇಕು.

ಜಾಗದ ವಿಷಯ ಇನ್ನೂ ಸೂಕ್ಷ್ಮ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ, 2019ರ ಅಧಿಸೂಚನೆಯ ಪ್ರಕಾರ, ಗ್ರಾಮೀಣ ಕರಾವಳಿಯಲ್ಲಿ ಜನಸಾಂದ್ರತೆ ಕಡಿಮೆ ಇರುವ ಕಡೆ ಸಮುದ್ರದ ಉಬ್ಬರದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ನಿರ್ಬಂಧವಿದೆ. ಜನಸಾಂದ್ರತೆ ಹೆಚ್ಚಿರುವ ಕಡೆ ಅದು 50 ಮೀಟರ್. ಕಡಲಿಗೆ ಮುಖ ಮಾಡಿದ ಅಗ್ಗದ ಸೈಟು ಎಂದು ಯಾರಾದರೂ ತೋರಿಸಿದರೆ, ಮೊದಲು ಆ ಸರ್ವೆ ನಂಬರ್ ಯಾವ ವಲಯದಲ್ಲಿ ಬರುತ್ತದೆ ಎಂದು ನಕ್ಷೆಯಲ್ಲಿ ನೋಡಿ. ಅಡ್ವಾನ್ಸ್ ಮಾತು ಆಮೇಲೆ.

ಪಾಲು ಕೇಳಿದವರಿಗೆ ವಿಶೇಷವಾಗಿ ಒಂದು ಮಾತು. ನಿಮ್ಮ ವಿಶ್ವಾಸಕ್ಕೆ ನಾವು ಋಣಿ. ಆದರೆ ಇಷ್ಟು ಲಾಭ ಕೊಡುತ್ತೇವೆಂದು ಹೇಳಿ ಜನರಿಂದ ಠೇವಣಿ ಎತ್ತುವುದಕ್ಕೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯೇ ಅಡ್ಡ ಬರುತ್ತದೆ. ಕಾಯ್ದೆ ಇರದಿದ್ದರೂ ನಾವು ಒಪ್ಪುತ್ತಿರಲಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಅದೇ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದಾಗ, ಒಳ್ಳೆಯ ಸೀಸನ್ನಿನಲ್ಲೇ ತೀರವನ್ನು ಪ್ರವಾಸಿಗರಿಗೆ ಮುಚ್ಚಲಾಯಿತು. ಮುಚ್ಚಿದ್ದು ಸರಿಯೇ. ಅಂಥ ಹೊತ್ತಿನಲ್ಲಿ ನಷ್ಟ ನಮ್ಮ ಕೈಯಲ್ಲಿ ನಿಲ್ಲಬೇಕು, ನಿಮ್ಮ ಉಳಿತಾಯಕ್ಕೆ ತಟ್ಟಬಾರದು. ಹೆಸರು ಬರೆಸಿದವರು ಏನೂ ಮಾಡಬೇಕಾಗಿಲ್ಲ, ಯಾರಿಂದಲೂ ಹಣ ಪಡೆದಿರಲಿಲ್ಲ.

ಹಾಗಾದರೆ ಲೀಸಿಗಾದರೂ ಏಕೆ ಕೈ ಹಾಕಿದಿರಿ ಎಂದರೆ, ನಮ್ಮ ಜೋಗದ ದಾರಿಯ ರೂಮುಗಳು ತುಂಬುವುದೇ ಮಳೆಗಾಲದಲ್ಲಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಜಲಪಾತ ಭೋರ್ಗರೆಯುವಾಗ ಇಲ್ಲಿ ಕೈ ಸಾಲದು, ಕಡಲತೀರ ಖಾಲಿ. ಬೇಸಿಗೆಯಲ್ಲಿ ಜೋಗ ಬಡವಾದಾಗ ಜನ ಗೇರುಸೊಪ್ಪ ಘಾಟಿ ಇಳಿಯುತ್ತಾರೆ. ಜೋಗದಿಂದ ಹೊನ್ನಾವರಕ್ಕೆ ಸುಮಾರು 60 ಕಿ.ಮೀ. ಅಷ್ಟೆ. ಅದೇ ಅಡುಗೆಯವರು, ಅದೇ ಹುಡುಗರು ಹೀಗೆ ಮೇಲೆ ಕೆಳಗೆ ಓಡಾಡಿದರೆ ಯಾರನ್ನೂ ನಾಲ್ಕು ತಿಂಗಳು ಮನೆಗೆ ಕಳಿಸಬೇಕಾಗಿಲ್ಲ. ನಮಗೆ ಎಲ್ಲಕ್ಕಿಂತ ಸಮಾಧಾನ ತಂದದ್ದು ಇದೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲೇ ಗುಂಪಾಗಿ ಬರುವ ಹೆಣ್ಣುಮಕ್ಕಳು ನಮ್ಮಲ್ಲಿ ಹೆಚ್ಚಾಗಿದ್ದಾರೆ. 2025ರ ಜುಲೈನಲ್ಲಿ ಸೇತುವೆ ಆದಮೇಲೆ ಸಿಗಂದೂರಿಗೆ ಲಾಂಚಿನ ಸರತಿಯೂ ಇಲ್ಲ. ದೇವಿಯ ದರ್ಶನ, ಜೋಗ, ಒಂದು ರಾತ್ರಿ ಕಡಲು ಎಂದು ಕೇಳುವವರಿಗೆ ಕಡಿಮೆ ದರದ ರೂಮು ಬೇಕಿತ್ತು.

ಇಬ್ಬರ ರೂಮಿಗೆ ಸಾವಿರ ರೂಪಾಯಿ, ಜೊತೆಗೆ ಶೇ. 5 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ಇದು ಶೇ. 12 ಇತ್ತು. ಎ.ಸಿ. ಇಲ್ಲ. ಬುಕಿಂಗ್ ಹಳೆಯ ಫೋನ್ ನಂಬರಿಗೇ ಮಾಡಿ. ಮಕ್ಕಳಿದ್ದರೆ ಮೊದಲೇ ಹೇಳಿ, ಹಿಂದಿನ ಸಾಲಿನ ರೂಮು ಕೊಡುತ್ತೇವೆ. ಜೀವರಕ್ಷಕರಿಲ್ಲದ ಕಡೆ, ಕತ್ತಲಾದ ಮೇಲೆ ದಯವಿಟ್ಟು ನೀರಿಗೆ ಇಳಿಯಬೇಡಿ.

ಇಂತಿ ತಮ್ಮ ವಿಶ್ವಾಸಿಗಳು,
ಪಾಲುದಾರರು ಮತ್ತು ಸಿಬ್ಬಂದಿ
ಸಾಗರ, ಶಿವಮೊಗ್ಗ ಜಿಲ್ಲೆ