ಚಿಕ್ಕವಳ ಕೈಗಳು

ಧಾರವಾಡ

ಪ್ರೀತಿಯ ತಂಗಿ,

ನಿನ್ನ ಲಕೋಟೆ ಬಂದು 12 ದಿನವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ನಿನ್ನ ಕಾಮಿಕ್ಸ್ ಕಥೆಯ 32 ಹಾಳೆಗಳನ್ನು ಮೇಜಿನ ಮೇಲೆ, ಮೇಜು ಸಾಲದೆ ಮಂಚದ ಮೇಲೆ ಹರಡಿಕೊಂಡು ದಿನವೂ ನೋಡುತ್ತಿದ್ದೆ. ‘ಕೊನೆಯ ವರ್ಷದ ಈ ಪ್ರಾಜೆಕ್ಟ್ ಬಿಟ್ಟುಬಿಡುತ್ತೇನೆ, ನನಗೆ ಕಥೆಯೂ ಬರುವುದಿಲ್ಲ, ಚಿತ್ರವೂ ಬರುವುದಿಲ್ಲ’ ಎಂದು ಬರೆದಿದ್ದೀಯ. ಆ ಸಾಲು ಓದಿ ನನಗೆ ಸಿಟ್ಟು ಬಂತು. ಗದಗಿನ ಜೋಡಿ ಊರಾದ ಬೆಟಗೇರಿಯ ನೇಕಾರರ ಮನೆಯೊಂದನ್ನು, ಗೋಡೆಯ ಗೂಟಕ್ಕೆ ನೇತುಹಾಕಿದ ನೂಲಿನ ಲಡಿಯ ಸಮೇತ, ಧಾರವಾಡದ ನನ್ನ ಮಂಚದ ಮೇಲೆ ತಂದಿಟ್ಟ ಹುಡುಗಿ ಹಾಗೆ ಬರೆಯಬಾರದು.

ಕಾಗದ ಎಂಥದ್ದಿರಬೇಕು, ಬಣ್ಣವನ್ನು ಕೈಯಲ್ಲಿ ಹಚ್ಚಬೇಕೋ ಕಂಪ್ಯೂಟರಿನಲ್ಲೋ, ಪುಟಕ್ಕೆ ಎಷ್ಟು ಚೌಕ, ಎಷ್ಟು ಮಾತು ಎಂದೆಲ್ಲ ಕೇಳಿದ್ದೀಯ. ಅದನ್ನು ನಿನ್ನ ಮೇಷ್ಟ್ರನ್ನು ಕೇಳು. ನನಗೆ ಮಾತನಾಡಬೇಕಿರುವುದು ನಿನ್ನ ಇಬ್ಬರು ನೆಗೆಣ್ಣಿಯರ ಬಗ್ಗೆ.

ದೊಡ್ಡವಳು ಗುಂಡು ಮುಖದವಳು, ಹಣೆ ತುಂಬ ಕುಂಕುಮ, ಇಳಕಲ್ ಸೀರೆ, ಮೈಯೆಲ್ಲ ದುಂಡನೆಯ ಗೆರೆಗಳು. ಚಿಕ್ಕವಳು ಚೂಪು ಗಲ್ಲದವಳು, ಗಂಟಿಕ್ಕಿದ ಹುಬ್ಬು, ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ ಮೊಬೈಲ್, ಮೈಯೆಲ್ಲ ಕೋನಗಳು. ಮೊದಲ ನೋಟಕ್ಕೇ ಇಬ್ಬರ ವ್ಯತ್ಯಾಸ ತಿಳಿಯಬೇಕು, ನೆರಳು ನೋಡಿಯೇ ಗುರುತು ಹಿಡಿಯುವಂತಿರಬೇಕು ಎಂದು ಮೇಷ್ಟ್ರು ಹೇಳಿದರಂತೆ. ಅವರು ಹೇಳಿದ್ದು ಸರಿಯಾಗಿಯೇ ಇದೆ. ತೊಗಲುಗೊಂಬೆಯವರು ಅದನ್ನು ಯಾವ ಕಾಲೇಜಿಗೂ ಹೋಗದೆ ಕಲಿತವರು. ಅವರ ಆಟದ ಹಾಸ್ಯದ ಜೋಡಿ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಪರದೆಯ ಮೇಲೆ ಬಂದರೆ ಬಾಯಿ ತೆರೆಯುವ ಮೊದಲೇ ಜನ ನಗುತ್ತಾರೆ. ನಿನ್ನ ನೆಗೆಣ್ಣಿಯರ ನೆರಳುಗಳೂ ಬೇರೆ ಬೇರೆಯಾಗಿಯೇ ಇವೆ. ಆದರೂ ‘ಚಿಕ್ಕವಳಿಗೆ ಜೀವವಿಲ್ಲ’ ಎಂದು ಅದೇ ಮೇಷ್ಟ್ರು ಹೇಳಿದರೆಂದು ಅತ್ತಿದ್ದೀಯ.

ನಾನು ಒಂದು ಕೆಲಸ ಮಾಡಿದೆ. ಹಾಳೆಗಳನ್ನು ಎರಡು ಕಟ್ಟು ಮಾಡಿದೆ. ದೊಡ್ಡವಳ ಚಿತ್ರಗಳು 19. ಮಗ್ಗದ ಮುಂದೆ, ಒಲೆಯ ಮುಂದೆ, ತುರುಬು ಕಟ್ಟಿಕೊಳ್ಳುತ್ತ, ಬೆನ್ನು ಮಾಡಿ ಕುಳಿತು, ನಿದ್ದೆಯಲ್ಲಿ. ಚಿಕ್ಕವಳ ಚಿತ್ರಗಳು 6. ಎಲ್ಲವೂ ಎದುರಿನಿಂದ, ಎಲ್ಲದರಲ್ಲೂ ಬಾಯಿ ತೆರೆದಿದೆ. ಆರರಲ್ಲಿ ಒಂದರಲ್ಲೂ ಅವಳಿಗೆ ಕೈಗಳಿಲ್ಲ. ಒಂದರಲ್ಲಿ ಸೆರಗಿನ ಒಳಗೆ, ಒಂದರಲ್ಲಿ ಬಾಗಿಲ ಹಿಂದೆ, ಉಳಿದವುಗಳಲ್ಲಿ ಚೌಕದ ಅಂಚಿನಲ್ಲೇ ತೋಳು ಮುಗಿದುಹೋಗಿದೆ. ಕೈ ಬರೆಯುವುದು ಕಷ್ಟ ಎನ್ನಬೇಡ, ದೊಡ್ಡವಳು ಲಾಳಿ ಎಸೆಯುವಾಗಿನ ಬೆರಳುಗಳನ್ನು ನರ ಕಾಣುವ ಹಾಗೆ ಬರೆದಿದ್ದೀಯ. ಕಾಗದದ ಕೊನೆಯಲ್ಲಿ ನೀನೇ ಬಾಯಿ ಬಿಟ್ಟಿದ್ದೀಯ: ದೊಡ್ಡವಳು ನಿನ್ನ ಅವ್ವ, ಚಿಕ್ಕವಳು ನಿನ್ನ ಚಿಗವ್ವ. ಅವ್ವನನ್ನು ಕಣ್ಣು ತುಂಬ ನೋಡಿ ಬರೆದೆ. ಚಿಗವ್ವನನ್ನು ನೋಡಲೇ ಇಲ್ಲ, ಅವ್ವ ಏನಲ್ಲವೋ ಅದನ್ನೆಲ್ಲ ಒಟ್ಟುಮಾಡಿ ಅವಳೆಂದು ಕರೆದೆ. ಈ ಅಪ್ರಾಮಾಣಿಕತೆಯನ್ನು ಯಾವ ಬಣ್ಣವೂ ಮುಚ್ಚುವುದಿಲ್ಲ ತಂಗಿ.

ಇನ್ನೊಂದು. ಆ ಮನೆಯಲ್ಲಿ ಇರುವುದು ಒಂದೇ ಮಗ್ಗ. ಇಡೀ ಕಥೆಯಲ್ಲಿ ಇಬ್ಬರೂ ಒಂದೇ ವಸ್ತುವನ್ನು ಒಮ್ಮೆಯೂ ಮುಟ್ಟುವುದಿಲ್ಲ. ‘ಹಾಸು ಹೊಕ್ಕು’ ಎಂದು ಹೆಸರಿಟ್ಟಿದ್ದೀಯ. ಹೆಸರು ಚೆನ್ನಾಗಿದೆ, ಅಡ್ಡ ನೂಲಿನ ಹೊಕ್ಕು ಮಾತ್ರ ಉದ್ದ ನೂಲಿನ ಹಾಸನ್ನು ತಾಗಿಯೇ ಇಲ್ಲ.

ಗದಗಿನಲ್ಲೇ ಇದ್ದುಕೊಂಡು ಜೋಡಿ ಪಾತ್ರಗಳಿಗೆ ಮಾದರಿ ಎಲ್ಲಿದೆ ಎಂದು ಕೇಳುತ್ತೀಯಲ್ಲ! ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಒರಗಿ ಕುಳಿತು ಬರೆದನೆಂದು ಜನ ತೋರಿಸುವ ಕಂಬವಿದೆ. ಉಟ್ಟ ಒದ್ದೆ ಬಟ್ಟೆ ಆರುವವರೆಗೆ ಪದ್ಯ ಹರಿಯುತ್ತಿತ್ತು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅವನ ವಿರಾಟಪರ್ವವನ್ನು ಓದು. ಉತ್ತರಕುಮಾರ ಮತ್ತು ಬೃಹನ್ನಳೆ. ಒಬ್ಬ ಹೆಂಗಳೆಯರ ಮುಂದೆ ಕುಳಿತು ಪೌರುಷ ಕೊಚ್ಚುವ ಹೇಡಿ, ಇನ್ನೊಬ್ಬ ಹೆಣ್ಣುಡುಗೆಯಲ್ಲಿ ಅಡಗಿರುವ ಅರ್ಜುನ. ನೋಟಕ್ಕೆ ಇದಕ್ಕಿಂತ ದೊಡ್ಡ ಅಂತರ ಬೇಕೇ? ಆದರೆ ಕವಿ ಹೇಡಿಯನ್ನು ಎಷ್ಟು ಪ್ರೀತಿಯಿಂದ ಬರೆದಿದ್ದಾನೆ ನೋಡು. ಅವನ ಬಡಾಯಿಯಲ್ಲೂ ಕೌರವ ಸೇನೆ ಕಂಡಾಗಿನ ನಡುಕದಲ್ಲೂ ಕವಿಯ ಸಂತೋಷ ತುಂಬಿ ತುಳುಕುತ್ತದೆ. ಗಮಕಿಗಳು ವಾಚಿಸುವಾಗ ಜನ ಕಾದು ಕೂರುವುದು ಆ ಪದ್ಯಗಳಿಗೆ. ಆಮೇಲೆ ಅದೇ ರಥದಲ್ಲಿ ಇಬ್ಬರೂ ಜಾಗ ಬದಲಾಯಿಸುತ್ತಾರೆ: ಸಾರಥಿಯಾಗಿ ಬಂದವಳು ಬಿಲ್ಲು ಹಿಡಿಯುತ್ತಾಳೆ, ಓಡಿಹೋಗುತ್ತಿದ್ದವನು ವಾಘೆ ಹಿಡಿಯುತ್ತಾನೆ. ನಿನ್ನ ಮನೆಯ ಮಗ್ಗವೂ ಒಂದು ರಥವೇ.

ಇದನ್ನೆಲ್ಲ ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣವಿದೆ. ನನ್ನ ಮೊದಲ ಕಾದಂಬರಿಯಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ತಮ್ಮ ಓದುವವನು, ಹಾಡುವವನು, ಅವ್ವನ ಮುದ್ದಿನವನು. ಅಣ್ಣ ರಾತ್ರಿ ಕಂದೀಲು ಹಿಡಿದು ಮೆಣಸಿನಕಾಯಿ ಚೀಲ ಎಣಿಸುವ ಜಿಪುಣ. ತಮ್ಮ ಯಾರೆಂದು ನಿನಗೆ ಹೇಳಬೇಕಿಲ್ಲ. ನನ್ನ ಅಣ್ಣ ಬ್ಯಾಡಗಿ ಸೀಮೆಯ ನಮ್ಮ ಹೊಲದಲ್ಲೇ ಉಳಿದವನು. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ, ಒಳಗೆ ಬೀಜ ಗಲಗಲ ಎಂದರೆ ರಾಶಿಗೆ, ಇಲ್ಲದಿದ್ದರೆ ಮತ್ತೆ ಬಿಸಿಲಿಗೆ. ಗಿಡ್ಡನೆಯ ‘ಡಬ್ಬಿ’ ಕಾಯಿಯನ್ನೂ ಉದ್ದನೆಯ ಸುಕ್ಕುಗಟ್ಟಿದ ‘ಕಡ್ಡಿ’ ಕಾಯಿಯನ್ನೂ ಮಾತನಾಡುತ್ತಲೇ, ನೋಡದೆಯೇ ಬೇರೆ ಮಾಡುತ್ತಿದ್ದ. ಕಣ್ಣು ತುರಿಸಿದರೆ ಮೊಣಕೈಯಿಂದ ಒರೆಸಿಕೊಳ್ಳುತ್ತಿದ್ದ. ಇಷ್ಟನ್ನೂ ನಾನು ಕಂಡಿದ್ದೆ, ಒಂದನ್ನೂ ಬರೆಯಲಿಲ್ಲ. ಬರೆದಿದ್ದರೆ ಓದುಗರು ಅವನನ್ನು ಇಷ್ಟಪಟ್ಟುಬಿಡುತ್ತಿದ್ದರು, ತಮ್ಮ ಮಸುಕಾಗುತ್ತಿದ್ದ.

ಒಬ್ಬ ವಿಮರ್ಶಕರು ‘ಹಗಲು ರಾತ್ರಿಗಳಂತೆ ಎದುರುಬದುರು ನಿಂತ ಪಾತ್ರಗಳು’ ಎಂದು ಹೊಗಳಿದರು. ಆ ಹೊಗಳಿಕೆಯನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ತಿರುಗಿದೆ, ಅದೇ ಅಚ್ಚಿನಲ್ಲಿ ಇನ್ನೂ ಮೂರು ಪುಸ್ತಕ ತೆಗೆದೆ. ಅವರ ಮೇಲಿನ ಸಿಟ್ಟು ನನಗೆ ಇಂದಿಗೂ ಆರಿಲ್ಲ. ಆ ವ್ಯಕ್ತಿ ಒಂದು ಸಾಲಿನಲ್ಲಿ ಅಣ್ಣನ ಬಗ್ಗೆ ಕೇಳಿದ್ದರೂ ನಾನು ಎಚ್ಚರಾಗುತ್ತಿದ್ದೆ.

ಕೇಳಿದವನು ಅಣ್ಣನೇ. ಊರಿಗೆ ಹೋದಾಗ ಊಟದ ಮುಂದೆ ಹೇಳಿದ: “ಪುಸ್ತಕ ಓದಿದೆ. ಎಲ್ಲ ಖರೆಯೇ ಬರೆದಿದ್ದೀ. ನಾನು ಚೀಲ ಯಾಕೆ ಎಣಿಸುತ್ತಿದ್ದೆ ಎನ್ನುವುದನ್ನು ಮಾತ್ರ ಬರೆದಿಲ್ಲ.” ಯಾಕೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ರೊಟ್ಟಿ ಮುರಿಯುತ್ತ ಕುಳಿತೆ. ಅವನು ಹೋಗಿ ಒಂಬತ್ತು ವರ್ಷವಾಯಿತು. ಅವನ ಲೆಕ್ಕದ ಪುಸ್ತಕದಲ್ಲಿ ಒಂದು ಪತ್ರಿಕೆಯ ತುಂಡು ಸಿಕ್ಕಿತು: 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಸುದ್ದಿ. ಅವನೂ ಕತ್ತರಿಸಿ ಇಟ್ಟುಕೊಂಡಿದ್ದ. ಚೀಲ ಯಾಕೆ ಎಣಿಸುತ್ತಿದ್ದ ಎನ್ನುವುದು ನನಗೆ ಈಗಲೂ ಗೊತ್ತಿಲ್ಲ.

ನಿನ್ನ ಚಿಗವ್ವ ಮನೆಯಲ್ಲೇ ಇದ್ದಾರೆ. ನಿನ್ನ ಹದಿನೇಳನೆಯ ಹಾಳೆಯನ್ನು ಮತ್ತೆ ತೆಗೆದು ನೋಡು, ಮೊಬೈಲನ್ನು ಹೆಗಲಿಗೆ ಒತ್ತಿ ಹಿಡಿದ ಆ ಚಿತ್ರ. ಅದನ್ನು ಒರಟುತನದ ಗುರುತಾಗಿ ಬರೆದಿದ್ದೀಯ. ಎರಡೂ ಕೈಗೆ ಕೆಲಸವಿರುವವರು ಮೊಬೈಲನ್ನು ಹಾಗೆ ಸಿಕ್ಕಿಸಿಕೊಳ್ಳುತ್ತಾರೆ ತಂಗಿ. ಅವರ ಕೈಗಳು ಆಗ ಏನು ಮಾಡುತ್ತಿದ್ದವು? ಕಂಡಿಕೆಗೆ ನೂಲು ಸುತ್ತುತ್ತಿದ್ದವೇ? ನಿನ್ನ ಅವ್ವ ಎಸೆಯುವ ಲಾಳಿಯೊಳಗಿನ ಕಂಡಿಕೆಯನ್ನೇ? ನಿನ್ನ ಕಣ್ಣು ಅದನ್ನು ನೋಡಿದೆ. ನೋಡಿರದಿದ್ದರೆ ಆ ಕುತ್ತಿಗೆಯ ಓರೆ ಅಷ್ಟು ಸರಿಯಾಗಿ ಬರುತ್ತಿರಲಿಲ್ಲ.

ಗುಂಡು ಮುಖ, ಚೂಪು ಗಲ್ಲ ಹಾಗೆಯೇ ಇರಲಿ, ಅವು ಚೆನ್ನಾಗಿವೆ. ನಾಳೆ ಮಧ್ಯಾಹ್ನ ಚಿಗವ್ವನ ಪಕ್ಕದಲ್ಲಿ ಹೋಗಿ ಕುಳಿತುಕೋ. ಮಾತನಾಡಿಸಲು ಆಗದಿದ್ದರೆ ಬೇಡ, ಸುಮ್ಮನೆ ಕೈಗಳನ್ನು ಬರೆ. ಹತ್ತು ಸಲ ಬರೆ. ಪೆನ್ಸಿಲಿನಲ್ಲಿದ್ದರೆ ಸಾಕು, ಮೇಷ್ಟ್ರಿಗೆ ತೋರಿಸುವ ಮೊದಲು ನನಗೆ ಕಳಿಸು. ಅಂಚೆಯವನ ದಾರಿ ನೋಡುತ್ತಿರುತ್ತೇನೆ.

ನಿನ್ನ ಅವ್ವನಿಗೂ ಚಿಗವ್ವನಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಹಿತ ಬಯಸುವ ಅಜ್ಜ