ನೈಲ್ ಈ ವರ್ಷ ಇಲ್ಲ, ದುಬೈಗೆ ಬಾ ಮಾರಾಯಾ

ಪ್ರೀತಿಯ ಗೆಳೆಯಾ,

ಉಗಾಂಡಾಕ್ಕೆ ಬಾ ಅನ್ನುವ ನಿನ್ನ ವಾಯ್ಸ್ ಮೆಸೇಜ್ ಬಂದು ಹದಿನೈದು ದಿನ ಆಯಿತು. ಉತ್ತರ ಕೊಡಲಿಲ್ಲ. ಸಿಟ್ಟಲ್ಲ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ‘ಸರಿ ಬರ್ತೇನೆ’ ಅಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಉಗಾಂಡಾಕ್ಕೆ ನಾನು ಬರುವುದಿಲ್ಲ. ಈ ಸಲ ಇಲ್ಲ. ಪೂರ್ತಿ ಓದು, ಆಮೇಲೆ ಬೈ.

ಕಳೆದ ಡಿಸೆಂಬರಿನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ಮಣಿಪಾಲಕ್ಕೆ ಹೋಗಿ ಈ ಹಾಡ್ಕಿನ್ ಲಿಂಫೋಮಾಕ್ಕೆ, ಅದೇ ದುಗ್ಧಗ್ರಂಥಿಯ ಕ್ಯಾನ್ಸರಿಗೆ, ಕೀಮೋ ಹಾಕಿಸಿಕೊಂಡೆನಲ್ಲ, ಒಟ್ಟು ಹನ್ನೆರಡು ಸಲ. ಅಷ್ಟೂ ಸಲ ಆ ಕುರ್ಚಿಯಲ್ಲಿ ಕೂತು ಮಾಡಿದ್ದು ಒಂದೇ ಕೆಲಸ, ಫೋನಿನಲ್ಲಿ ನಿನ್ನ ಊರಿನ ಮ್ಯಾಪು ನೋಡುವುದು. ಎಂಟೆಬೆ ಏರ್‌ಪೋರ್ಟಿನಿಂದ ಕಂಪಾಲಾ. ಅಲ್ಲಿಂದ ಜಿಂಜಾ. ಸಿಸ್ಟರ್ ಬಂದು ಆ ಕೆಂಪು ಮದ್ದನ್ನು ಸಿರಿಂಜಿನಲ್ಲಿ ನಿಧಾನಕ್ಕೆ ದೂಡುವ ಹೊತ್ತಿಗೆ ನಾನು ವಿಕ್ಟೋರಿಯಾ ಸರೋವರದಿಂದ ನೈಲ್ ಹೊರಡುವ ಜಾಗದಲ್ಲಿ ಇರುತ್ತಿದ್ದೆ. ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು 1948ರಲ್ಲಿ ಅಲ್ಲೂ ನೀರಿಗೆ ಬಿಟ್ಟರು ಅಂತ ನೀನೇ ಹೇಳಿದ್ದಲ್ವಾ, ಅಲ್ಲಿಯ ಪ್ರತಿಮೆಯ ಪಕ್ಕ ನೀನು ನಿಂತ ಫೋಟೋ ನೋಡಿ ನೋಡಿ ನನಗೆ ಬಾಯಿಪಾಠ ಆಗಿದೆ. ಆ ಮದ್ದಿನ ಬಣ್ಣ ಥೇಟ್ ಪುನರ್ಪುಳಿ ಶರಬತ್ತಿನದ್ದು. ಈಗ ಮನೆಯಲ್ಲಿ ಪುನರ್ಪುಳಿ ಮಾಡಿದರೆ ನಾನು ಎದ್ದು ಜಗಲಿಗೆ ಹೋಗುತ್ತೇನೆ. ಮೂವತ್ತೆಂಟು ವರ್ಷ ಇಷ್ಟಪಟ್ಟು ಕುಡಿದದ್ದು ಹೀಗೆ ಕೈಬಿಟ್ಟಿತು.

ಜೂನಿನ ಸ್ಕ್ಯಾನ್ ಚೆನ್ನಾಗಿ ಬಂತು. ಅದು ನಿನಗೆ ಗೊತ್ತು. ಮೊನ್ನೆ ಚೆಕಪ್ಪಿಗೆ ಹೋದಾಗ ಧೈರ್ಯ ಮಾಡಿ ಕೇಳಿದೆ, ‘ಡಾಕ್ಟ್ರೇ, ಫಾರಿನ್ ಹೋಗಬಹುದಾ?’ ‘ಹೋಗಿ, ಯಾರು ಬೇಡ ಅಂದದ್ದು? ಎಲ್ಲಿಗೆ?’ ಅಂದರು. ಉಗಾಂಡಾ ಅಂದೆ. ಪೆನ್ನು ಕೆಳಗಿಟ್ಟರು.

ನಾನು ಮಲೇರಿಯಾ ಅಂದುಕೊಂಡೆ. ಮಂಗಳೂರು ಕಡೆಯವರಿಗೆ ಮಲೇರಿಯಾ ತೋರಿಸಿ ಹೆದರಿಸುತ್ತಾರಾ ಅಂತ ನಗುವುದಕ್ಕೂ ತಯಾರಾಗಿದ್ದೆ. ಆ ನಗುವೂ ನಡೆಯಲಿಲ್ಲ. ನಮ್ಮಲ್ಲಿ ಹೆಚ್ಚಾಗಿ ಬರುವುದು ವೈವಾಕ್ಸ್ ಜಾತಿಯ ಮಲೇರಿಯಾ, ಅಲ್ಲಿ ಹೆಚ್ಚು ಫಾಲ್ಸಿಪಾರಂ ಜಾತಿಯದ್ದು, ಮೈಗೆ ಬಂದರೆ ಅದು ಬೇರೆಯೇ ಆಟ ಅಂದರು. ಆದರೆ ಅದಕ್ಕೆ ಮಾತ್ರೆ ಉಂಟು, ಪರದೆ ಉಂಟು. ತೊಡಕು ಇದ್ದದ್ದು ಹಳದಿ ಜ್ವರದ್ದು, ಅದೇ ಯೆಲ್ಲೋ ಫೀವರ್. ಅದರ ಚುಚ್ಚುಮದ್ದು ಹಾಕಿಸಿಕೊಂಡ ಹಳದಿ ಕಾರ್ಡು ಇಲ್ಲದೆ ನಿಮ್ಮಲ್ಲಿಗೆ ಬರುವ ಹಾಗಿಲ್ಲ. ಹೊರಡುವ ಹತ್ತು ದಿನ ಮೊದಲೇ ಹಾಕಿಸಬೇಕು. ಒಮ್ಮೆ ಹಾಕಿಸಿದರೆ ಈಗ ಜೀವನಪೂರ್ತಿ ನಡೆಯುತ್ತದೆ. ಚೀಪ್ ಆ್ಯಂಡ್ ಬೆಸ್ಟ್ ಅಲ್ವಾ? ಆದರೆ ಆ ಲಸಿಕೆಯಲ್ಲಿ ಇರುವುದು ಜೀವಂತ ವೈರಸ್, ಬಲ ಕುಗ್ಗಿಸಿದ್ದು. ಗಟ್ಟಿ ಮೈಯವನಿಗೆ ಅದು ಏನೂ ಅಲ್ಲ. ಕೀಮೋ ಮುಗಿಸಿ ಆರು ತಿಂಗಳಾದವನ ಮೈಗೆ ಅದನ್ನು ಬಿಡಲು ನನ್ನ ಡಾಕ್ಟರು ತಯಾರಿಲ್ಲ. ‘ಈ ವರ್ಷ ಬೇಡ. ಮುಂದಿನ ವರ್ಷ ರಕ್ತ ನೋಡಿ ಹೇಳ್ತೇನೆ’ ಅಂದರು.

ನೀನು ಕೂಡಲೇ ಏನು ಹೇಳುತ್ತೀ ಗೊತ್ತು. ಡಾಕ್ಟರ ಚೀಟಿ ತಕೋ, ವಿನಾಯಿತಿ ಕೊಡ್ತಾರೆ, ನಾನು ಮಾತಾಡ್ತೇನೆ. ಚೀಟಿ ನಿಮ್ಮ ಏರ್‌ಪೋರ್ಟಿನ ಕೌಂಟರ್ ದಾಟಿಸಬಹುದು. ಸೊಳ್ಳೆ ಚೀಟಿ ಓದುವುದಿಲ್ಲವಲ್ಲ. ವಾಪಸ್ ಬರುವಾಗ ಇನ್ನೊಂದು ಪಜೀತಿ. ಕಾರ್ಡಿಲ್ಲದೆ ಅಲ್ಲಿಂದ ಬಂದವರನ್ನು ನಮ್ಮವರು ಆರು ದಿನದವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆ ಜ್ವರ ನಮ್ಮ ದೇಶದಲ್ಲಿ ಇಲ್ಲ, ಅದನ್ನು ಹರಡುವ ಸೊಳ್ಳೆ ಮಾತ್ರ ಬೇಕಾದಷ್ಟು ಉಂಟು, ಡೆಂಗ್ಯೂ ತರುವ ಅದೇ ಈಡಿಸ್. ಆಸ್ಪತ್ರೆಯ ಒಂಟಿ ಕೋಣೆಗಳು ನನಗೆ ಈ ಜನ್ಮಕ್ಕೆ ಸಾಕು ಮಾರಾಯಾ.

ಅದಕ್ಕೆ ನನ್ನ ಹೊಸ ಪ್ಲಾನು: ನೀನು ದುಬೈಗೆ ಬಾ. ಫೆಬ್ರವರಿ ಮೊದಲ ವಾರ. ಎಂಟೆಬೆಯಿಂದ ನಿನಗೆ ಐದು ಗಂಟೆ ಚಿಲ್ಲರೆ, ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಿಂದ ನನಗೆ ಮೂರೂವರೆ ಗಂಟೆ, ನೇರ ವಿಮಾನ. ಐದು ದಿನ ಇರುವ, ಜಾಸ್ತಿ ಬೇಡ.

‘ದುಬೈ ಎಂತ ನೋಡುವುದು, ಊರಿಗೇ ಬರ್ತೇನೆ’ ಅನ್ನಬೇಡ. ನೀನು ಊರಿಗೆ ಬಂದರೆ ನನ್ನನ್ನು ನೋಡಲು ಬಂದ ಹಾಗೆ ಆಗುತ್ತದೆ. ಒಂದು ವರ್ಷದಿಂದ ಜನ ನನ್ನನ್ನು ನೋಡಲು ಬರುತ್ತಿದ್ದಾರೆ. ಹಾರ್ಲಿಕ್ಸ್, ಮೂಸುಂಬಿ, ಸೇಬು. ಹತ್ತು ನಿಮಿಷ ಕೂತು, ‘ನಮ್ಮ ಭಾವನಿಗೂ ಹೀಗೇ ಆಗಿತ್ತು’ ಅಂತ ಶುರು ಮಾಡಿ, ಭಾವನಿಗೆ ಕೊನೆಗೆ ಏನಾಯಿತು ಅನ್ನುವಲ್ಲಿ ತಟ್ಟನೆ ನೆನಪಾಗಿ ಮಾತು ಬದಲಿಸುತ್ತಾರೆ. ಪಾಪ, ಒಳ್ಳೆ ಮನಸ್ಸಿನವರೇ. ಆದರೆ ನಾನೂ ಎಲ್ಲಿಗಾದರೂ ಹೋಗಿ ಯಾರನ್ನಾದರೂ ನೋಡಬೇಕು. ಹಣ್ಣು ತಕೊಂಡು ಹೋಗುವವನು ನಾನಾಗಬೇಕು.

ವಿಮಾನ ಹತ್ತಬಹುದಾ ಅಂತ ಶ್ವಾಸಕೋಶದ ಪರೀಕ್ಷೆಯೂ ಆಯಿತು. ನನಗೆ ಕೊಟ್ಟ ನಾಲ್ಕು ಮದ್ದಿನಲ್ಲಿ ಬ್ಲಿಯೋಮೈಸಿನ್ ಅಂತ ಒಂದು, ಅದು ಶ್ವಾಸಕೋಶಕ್ಕೆ ಪೆಟ್ಟು ಕೊಡಬಹುದು. ಎರಡು ಸೈಕಲ್, ಅಂದರೆ ನಾಲ್ಕು ಸಲದ ಕೀಮೋ, ಆದ ಮೇಲಿನ ಸ್ಕ್ಯಾನ್ ಚೆನ್ನಾಗಿದ್ದದ್ದಕ್ಕೆ ಅದನ್ನು ಅಲ್ಲಿಗೇ ನಿಲ್ಲಿಸಿದರು, ಬದುಕಿದೆ. ವಿಮಾನದ ಒಳಗಿನ ಗಾಳಿ ಆರೇಳು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯ ಹಾಗಂತೆ, ಎಂಟು ಸಾವಿರದವರೆಗೂ ಹೋಗುತ್ತದಂತೆ. ಮುಳ್ಳಯ್ಯನಗಿರಿಯೇ 1,930 ಮೀಟರು, ಅಂದರೆ ಆರು ಸಾವಿರದ ಮುನ್ನೂರು ಅಡಿ ಚಿಲ್ಲರೆ. ಹಾಗಾದರೆ ಅದರ ತುದಿಯಲ್ಲಿ ಮೂರೂವರೆ ಗಂಟೆ ಕೂತ ಹಾಗೆ ಅಷ್ಟೇ, ಗಾಳಿಯ ಹೊಡೆತ ಇಲ್ಲ, ಜಿಗಣೆ ಇಲ್ಲ. ನಡುನಡುವೆ ಎದ್ದು ನಡೆಯಬೇಕು, ನೀರು ಕುಡಿಯಬೇಕು, ಕಾಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ. ಸ್ಕೂಬಾ ಡೈವಿಂಗ್ ಮಾಡಬಾರದು ಅಂತಲೂ ಹೇಳಿದ್ದಾರೆ. ಮಲ್ಪೆಯ ಹತ್ತಿರ ಹುಟ್ಟಿ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯದವನಿಗೆ!

ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೇನೆ, ನಿನಗೂ ಫೋಟೋ ಕಳಿಸುತ್ತೇನೆ, ಇಟ್ಟುಕೋ. ಹಾಡ್ಕಿನ್ ಲಿಂಫೋಮಾ ಇದ್ದವನು, ಬ್ಲಿಯೋಮೈಸಿನ್ ತಕೊಂಡವನು, ಅವಶ್ಯಕ್ಕಿಂತ ಜಾಸ್ತಿ ಆಕ್ಸಿಜನ್ ಕೊಡಬೇಡಿ, ರಕ್ತ ಕೊಡುವುದಾದರೆ ವಿಕಿರಣ ಹಾಯಿಸಿದ್ದೇ ಕೊಡಿ ಅಂತ ಅದರಲ್ಲಿ ಬರೆದಿದೆ. ಗಂಭೀರ ಮುಖ ಮಾಡಬೇಡ. ಇನ್ನೊಂದು ವಿಷಯ ಕೇಳು, ಅಮ್ಮನಿಗೆ ಹೇಳಬೇಡ. ಈ ಕಾಯಿಲೆಯನ್ನು 1832ರಲ್ಲಿ ಮೊದಲು ವಿವರಿಸಿ ತನ್ನ ಹೆಸರು ಬಿಟ್ಟುಹೋದ ಥಾಮಸ್ ಹಾಡ್ಕಿನ್ ಸತ್ತದ್ದು ಎಲ್ಲಿ ಗೊತ್ತುಂಟಾ? ಪರದೇಶ ಪ್ರವಾಸದಲ್ಲಿ. 1866ರಲ್ಲಿ, ಜಾಫಾ ಅನ್ನುವ ಊರಲ್ಲಿ, ಹೊಟ್ಟೆ ಕೆಟ್ಟು.

ಇನ್ಶೂರೆನ್ಸಿನದ್ದು ಒಂದು ಕತೆ. ಒಬ್ಬ ಏಜೆಂಟು ಮನೆಗೇ ಬಂದಿದ್ದ. ಮೊದಲೇ ಇದ್ದ ಕಾಯಿಲೆ ಅನ್ನುವ ಕಾಲಮಿನ ಎದುರು ‘ಇಲ್ಲ ಅಂತ ಹಾಕಿ ಸರ್, ಯಾರು ನೋಡ್ತಾರೆ’ ಅಂದ. ಅವರು ನೋಡುವುದೇ ನಾನು ಅಲ್ಲಿ ಆಸ್ಪತ್ರೆ ಸೇರಿದ ದಿನ ಅಲ್ವಾ? ಚಹಾ ಕೊಟ್ಟು ಕಳಿಸಿದೆ. ಎಲ್ಲ ಬರೆದುಕೊಟ್ಟು ಮಾಡಿಸಿದ ಪಾಲಿಸಿಗೆ ದುಡ್ಡು ಜಾಸ್ತಿ. ಹಳೆ ಕಾಯಿಲೆ ಪ್ರಾಣಕ್ಕೆ ಬಂದರೆ ಮಾತ್ರ ಕೊಡುತ್ತಾರೆ, ಅದಕ್ಕೂ ಮಿತಿ ಉಂಟು. ಇರಲಿ, ಕಾಲು ಉಳುಕಿದರಾದರೂ ಸಿಗುತ್ತದಲ್ಲ.

ಮಾತ್ರೆಯದ್ದೂ ಉಂಟು. ಬೆರಳ ತುದಿ ಇನ್ನೂ ಜುಮ್ಮೆನ್ನುತ್ತದೆ, ಅಂಗಿಯ ಗುಂಡಿ ಹಾಕಲು ಎರಡೆರಡು ಸಲ ನೋಡಬೇಕು. ಅದಕ್ಕೆ ಪ್ರೀಗಾಬಲಿನ್ ಕೊಟ್ಟಿದ್ದಾರೆ. ಇಲ್ಲಿ ಚೀಟಿ ತೋರಿಸಿದರೆ ಸಿಗುವ ಮಾತ್ರೆ, ದುಬೈಯಲ್ಲಿ ನಿಯಂತ್ರಣದ ಪಟ್ಟಿಯಲ್ಲಿದೆ. ಹೊರಡುವ ಮೊದಲೇ ಅಲ್ಲಿನ ಸರ್ಕಾರಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ ಒಪ್ಪಿಗೆ ತಕೊಳ್ಳಬೇಕು. ನೀನೂ ಕೆಮ್ಮಿನ ಔಷಧಿ, ನೋವಿನ ಮಾತ್ರೆ ಸುಮ್ನೆ ಬ್ಯಾಗಿಗೆ ತುರುಕಬೇಡ, ಕೊಡೀನ್, ಟ್ರಮಡಾಲ್ ಇದ್ದರೆ ಕಷ್ಟ. ಅಮ್ಮ ನಿನಗೆ ಅಂತ ಗಸಗಸೆ ಹಾಕಿ ಏನೋ ಉಂಡೆ ಮಾಡುವವರಿದ್ದರು. ಗಸಗಸೆಯೂ ಅಲ್ಲಿ ನಿಷೇಧ ಅಂದೆ. ‘ಅದೆಂತ ಊರು ಮಗಾ, ಪಾಯಸಕ್ಕೂ ಗತಿ ಇಲ್ವಾ’ ಅಂತ ಕೇಳಿದರು.

ಈಗ ಒಂದು ಮಾತು. ಇದನ್ನು ಬರೆಯಲಿಕ್ಕೇ ಹದಿನೈದು ದಿನ ಬೇಕಾದದ್ದು.

ಮೊನ್ನೆ ಲಕ್ಷದೀಪೋತ್ಸವಕ್ಕೆ ರಥಬೀದಿಗೆ ಹೋಗಿದ್ದೆ. ಕಳೆದ ವರ್ಷ ತಪ್ಪಿತ್ತು. ದಿನಾ ಬೆಳಿಗ್ಗೆ ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ ನಡೆಯುತ್ತೇನೆ, ಹಾಗಾಗಿ ಜಂಬ ಇತ್ತು. ರಥಬೀದಿಯ ಒಂದು ಸುತ್ತು ಮುಗಿಯುವ ಮೊದಲೇ ಕಾಲು ಕೇಳಲಿಲ್ಲ. ಹಣತೆಯ ಹೊಗೆ, ಜನ, ನಿಂತು ನಿಂತು ಸಾಗುವುದು. ಕನಕನ ಕಿಂಡಿಯ ಹತ್ತಿರ ಒಂದು ಅಂಗಡಿಯ ಮೆಟ್ಟಿಲಲ್ಲಿ ಕೂತುಬಿಟ್ಟೆ. ಜೊತೆಗಿದ್ದ ಹೆಂಡತಿ ಏನೂ ಹೇಳಲಿಲ್ಲ, ಪಕ್ಕದಲ್ಲೇ ಕೂತಳು. ಇಬ್ಬರೂ ಅಲ್ಲಿಂದಲೇ ರಥ ನೋಡಿದೆವು, ಜನರ ತಲೆಗಳ ಸಂದಿಯಲ್ಲಿ. ಚೆನ್ನಾಗಿಯೇ ಕಾಣುತ್ತಿತ್ತು.

ಮನೆಗೆ ಬಂದು ಟಿಕೆಟ್ ಮಾಡುವಾಗ ವೀಲ್‌ಚೇರ್ ಬೇಕಾ ಅನ್ನುವ ಪ್ರಶ್ನೆಗೆ ಬೇಕು ಅಂತ ಒತ್ತಿದೆ. ಎರಡು ಸಲ ಬೇಡ ಒತ್ತಿ, ಮೂರನೇ ಸಲ ಬೇಕು. ದುಬೈ ಏರ್‌ಪೋರ್ಟಿನಲ್ಲಿ ನಡೆಯುವ ದೂರ ನಿನಗೇ ಗೊತ್ತು. ಅಲ್ಲಿ ಶಕ್ತಿ ಖರ್ಚು ಮಾಡಿ ಹೊರಗೆ ಬಂದು ನಿನ್ನ ಎದುರು ಬಾಡಿದ ಕೆಸುವಿನ ಎಲೆಯ ಹಾಗೆ ನಿಲ್ಲುವುದು ಯಾಕೆ? ಆದ್ದರಿಂದ ನಾನು ತಳ್ಳಿಸಿಕೊಂಡು ಬರುತ್ತೇನೆ. ನೋಡಿ ಕಣ್ಣೀರು ಹಾಕಬೇಡ, ದಯವಿಟ್ಟು. ಕೂದಲು ಬಂದಿದೆ, ಗುಂಗುರು ಗುಂಗುರಾಗಿ, ಪಾಸ್‌ಪೋರ್ಟಿನ ಫೋಟೋಕ್ಕೂ ನನಗೂ ಸಂಬಂಧ ಇಲ್ಲ. ನಗುವುದಾದರೆ ಅದಕ್ಕೆ ನಗು.

ಬುರ್ಜ್ ಖಲೀಫಾ ಮೇಲೆಲ್ಲ ಹತ್ತುವುದು ಬೇಡ. ಕ್ರೀಕಿನಲ್ಲಿ ಒಂದು ದಿರ್ಹಮಿಗೆ ಈ ದಡದಿಂದ ಆ ದಡಕ್ಕೆ ಬಿಡುವ ಮರದ ದೋಣಿ ಉಂಟಲ್ಲ, ಅಬ್ರಾ. ಅದರಲ್ಲಿ ಸಂಜೆ ಹೋಗಿ ಬರುವ, ಬೇಕಾದರೆ ನಾಲ್ಕು ಸಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಕಾಲೇಜಿನವರೆಲ್ಲ ಹೋದಾಗ ದೋಣಿಯಲ್ಲಿ ವಾಂತಿ ಮಾಡಿದವನು ನೀನು, ನಾನಲ್ಲ. ಕೀಮೋದಲ್ಲೂ ನಾನು ಎರಡೇ ಸಲ.

ಜನವರಿ ಕೊನೆಯ ವಾರ ನನಗೆ ರಕ್ತ ಪರೀಕ್ಷೆ ಉಂಟು. ಅದರ ರಿಪೋರ್ಟು ಬಂದ ಮೇಲೆ ಹೋಗಬಹುದು ಅಂತ ಡಾಕ್ಟರು ಬರೆದುಕೊಡಬೇಕು. ಅಲ್ಲಿಯವರೆಗೆ ಗಟ್ಟಿ ಇಲ್ಲ. ನೀನು ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವ ಟಿಕೆಟ್ಟೇ ಮಾಡು, ಸ್ವಲ್ಪ ಜಾಸ್ತಿ ಆದರೂ ಸರಿ. ನಾನೂ ಅದನ್ನೇ ಮಾಡಿದ್ದೇನೆ.

ಹಲಸಿನ ಹಪ್ಪಳ ಎಷ್ಟು ಬೇಕು ಹೇಳು. ಈ ವರ್ಷದ್ದು ಡಬ್ಬಿಯಲ್ಲಿ ಇನ್ನೂ ಉಂಟು, ಅಮ್ಮ ಕೇಳುತ್ತಿದ್ದಾರೆ.

ನಿನ್ನ,
ಕಡೆಯ ಬೆಂಚಿನವನು
ಉಡುಪಿ