ಮಲಾವಿಗೆ ಹೊರಟ ಮಗಳಿಗೆ

ಚಿ. ಕು. ಅನುಷಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಆರು ತಿಂಗಳ ಮಟ್ಟಿಗೆ ಆಫ್ರಿಕಾದ ಮಲಾವಿಯ ರಾಜಧಾನಿ ಲಿಲಾಂಗ್ವೆಗೆ, ಎಚ್‌ಐವಿ ಕ್ಲಿನಿಕ್ಕಿನಲ್ಲಿ ಸ್ವಯಂಸೇವೆಗೆ ಹೋಗುತ್ತೀಯೆಂದು ನಿನ್ನಮ್ಮ ಹೇಳಿದಳು. ಹೋಗಿ ಬಾ. ಆದರೆ ಅಲ್ಲಿ ಕೂತು ರೋಗಿಗಳಿಗೆ ಕೌನ್ಸೆಲಿಂಗ್ ಮಾಡುವ ಆಸೆ ಇದ್ದರೆ ಅದನ್ನು ಇಲ್ಲೇ ಬಿಟ್ಟು ಹೋಗು. ಆ ಕೆಲಸಕ್ಕೆ ಅಲ್ಲಿ ಜನ ಇದ್ದಾರೆ. ತಾವೇ ಸೋಂಕಿನ ಜೊತೆ ಬಾಳುತ್ತಾ, ಮಾತ್ರೆ ತಪ್ಪಿಸದೆ ಗಟ್ಟಿಯಾಗಿ ನಿಂತವರನ್ನೇ ‘ಎಕ್ಸ್‌ಪರ್ಟ್ ಕ್ಲೈಂಟ್’ ಎಂದು ಕರೆದು ಕ್ಲಿನಿಕ್ಕಿಗೆ ಸೇರಿಸಿಕೊಳ್ಳುತ್ತಾರೆ. ಅವರು ಅಲ್ಲಿನ ಚಿಚೆವಾ ಭಾಷೆಯಲ್ಲಿ ಎರಡು ಮಾತಿನಲ್ಲಿ ಮುಟ್ಟಿಸುವುದನ್ನು ನೀನು ಇಂಗ್ಲಿಷಿನಲ್ಲಿ ಇಪ್ಪತ್ತು ಮಾತಾಡಿದರೂ ಮುಟ್ಟಿಸಲಾರೆ. 2004ರಿಂದ ಸರ್ಕಾರದ ಮೂಲಕ ಪುಕ್ಕಟೆ ಔಷಧ ಹಂಚುತ್ತಿರುವ ದೇಶ ಅದು. ಸೋಂಕಿರುವ ಪ್ರತಿ ಗರ್ಭಿಣಿಗೂ, ರಕ್ತಪರೀಕ್ಷೆಯಲ್ಲಿ ರೋಗನಿರೋಧಕ ಕಣಗಳ ಎಣಿಕೆ ಎಷ್ಟೇ ಬರಲಿ, ಜೀವನಪೂರ್ತಿ ಚಿಕಿತ್ಸೆ ಕೊಡುವ ಪದ್ಧತಿಯನ್ನು ಜಗತ್ತಿನಲ್ಲೇ ಮೊದಲು, 2011ರಲ್ಲಿ, ಶುರು ಮಾಡಿದ್ದೂ ಅವರೇ. ನಿನ್ನ ಜಾಗ ಅವರ ಬೆನ್ನ ಹಿಂದೆ: ರಿಜಿಸ್ಟರು, ಕಾರ್ಡಿನ ಪೆಟ್ಟಿಗೆ, ಹದಿಹರೆಯದ ಮಕ್ಕಳ ಕ್ಲಬ್ಬು.

ಸಂಸ್ಥೆಗೆ ಒಪ್ಪಿಗೆ ಪತ್ರ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳು: ನಾನು ಮಾಡಲಿರುವ ಕೆಲಸವನ್ನು ಹಿಂದೆ ಯಾರಾದರೂ ಸಂಬಳಕ್ಕೆ ಮಾಡುತ್ತಿದ್ದರೇ? 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದ ಮೇಲೆ ಅಲ್ಲಿ ಆರೋಗ್ಯ ಕಾರ್ಯಕರ್ತರು ಅನೇಕರು ಕೆಲಸ ಕಳೆದುಕೊಂಡರು. ಅವರ ಖಾಲಿ ಕುರ್ಚಿಯಲ್ಲಿ ಪುಕ್ಕಟೆಯಾಗಿ ನೀನು ಕೂತರೆ ಅದು ಸೇವೆಯಲ್ಲ. ನೀನು ಊರಿಗೆ ವಾಪಸು ಬಂದ ಮೇಲೆ ಆ ಕೆಲಸ ಯಾರ ಕೈಗೆ, ನಿನ್ನ ಮೇಲ್ವಿಚಾರಕರು ಯಾರು ಎಂಬುದಕ್ಕೂ ಬರವಣಿಗೆಯಲ್ಲಿ ಉತ್ತರ ಬರಲಿ. ಮಕ್ಕಳ ಜೊತೆ ಬಿಡುವ ಮುನ್ನ ಪೊಲೀಸ್ ಕ್ಲಿಯರೆನ್ಸ್ ಕೇಳದ ಸಂಸ್ಥೆಯಾದರೆ ಬೇರೆಯದನ್ನು ನೋಡು. ಪಾಸ್‌ಪೋರ್ಟ್ ಕಚೇರಿಯಲ್ಲಿ ಅದಕ್ಕೆ ಈಗಲೇ ಅರ್ಜಿ ಹಾಕಿಡು. ಪ್ರವಾಸಿ ವೀಸಾದಲ್ಲಿ ನುಸುಳುವುದು ಬೇಡ, ಪರವಾನಗಿ ಅವರೇ ಮಾಡಿಸಿಕೊಡಲಿ.

ಈಗ ನಿಜವಾದ ಕೆಲಸಕ್ಕೆ ಬರುತ್ತೇನೆ. ಅಲ್ಲಿ ಬಹುಪಾಲು ದೊಡ್ಡವರು ನುಂಗುವುದು ಟಿಎಲ್‌ಡಿ, ದಿನಕ್ಕೆ ಒಂದೇ ಮಾತ್ರೆ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಡಬ್ಬಿ ತಿರುಗಿಸಿ ನೋಡು, ಹೆಚ್ಚಿನವು ನಮ್ಮ ದೇಶದ ಕಾರ್ಖಾನೆಯವೇ. 30ರ ಡಬ್ಬಿಯೂ ಇದೆ, 90ರದ್ದೂ ಇದೆ. ಲೆಕ್ಕ ಹೀಗೆ: 90 ಮಾತ್ರೆ ಒಯ್ದವರು 84ನೇ ದಿನ ಬಂದರೆ 6 ಉಳಿದಿರಬೇಕು, ಹಿಂದಿನ ಉಳಿಕೆ ಇದ್ದರೆ ಅದನ್ನೂ ಕೂಡಿಸಿಕೋ. 20 ಉಳಿದಿದ್ದರೆ 14 ದಿನ ತಪ್ಪಿದೆ. ಒಂದೂ ಉಳಿದಿಲ್ಲವೆಂದರೆ ಖುಷಿಪಡಬೇಡ. ಬೈಗುಳದ ಭಯಕ್ಕೆ ದಾರಿಯಲ್ಲೇ ಎಸೆದಿರಬಹುದು, ಇಲ್ಲವೇ ಪರೀಕ್ಷೆಗೆ ಬರಲು ಹೆದರುವ ಗಂಡನಿಗೆ ಹಂಚಿರಬಹುದು. ನೀನು ವಿಚಾರಣೆಗೆ ಇಳಿಯಬೇಡ, ಕಂಡದ್ದನ್ನು ನರ್ಸ್ ಕಿವಿಗೆ ಹಾಕು. ಡಬ್ಬಿ ಗಲಗಲ ಸದ್ದು ಮಾಡುತ್ತದೆಂದು ಮಾತ್ರೆಗಳನ್ನು ಕಾಗದಕ್ಕೆ ಸುರಿದು ಸೊಂಟಕ್ಕೆ ಸುತ್ತುವ ಚಿಟೇಂಜೆ ಬಟ್ಟೆಯ ಸೆರಗಿಗೆ ಕಟ್ಟಿಕೊಂಡು ಹೋಗುವವರಿದ್ದಾರೆ. ತೇವ ತಾಗಿದರೆ ಮಾತ್ರೆ ಕೆಡುತ್ತದೆ. ಡಬ್ಬಿಯಲ್ಲೇ ಇಟ್ಟುಕೊಂಡರೆ ತೇವ ಹೀರುವ ಪುಟ್ಟ ಪೊಟ್ಟಣವೂ ಜೊತೆಗೇ ಉಳಿಯುತ್ತದೆ.

ಬರಲು ಗೊತ್ತುಮಾಡಿದ ದಿನ ಬಾರದವರ ಪಟ್ಟಿ ನಿನ್ನ ಕೈಗೆ ಬರುತ್ತದೆ. ಎರಡು ವಾರ ದಾಟಿದರೆ ಹುಡುಕಾಟ ಶುರು. ಮಾತ್ರೆ ಮುಗಿದು 60 ದಿನವಾದರೂ ಬಾರದವರನ್ನು ಚಿಕಿತ್ಸೆ ಬಿಟ್ಟವರೆಂದು ಬರೆಯುತ್ತಾರೆ. ಆದರೆ ಮೊದಲು ಹುಡುಕಬೇಕಾದ್ದು ಪೆಟ್ಟಿಗೆಯೊಳಗೆ. ಬಂಡಾ, ಫಿರಿ ಎಂಬ ಮನೆಹೆಸರುಗಳು ಅಲ್ಲಿ ನಮ್ಮ ಗೌಡ, ಪಾಟೀಲರ ಹಾಗೆ ಸಾಲುಗಟ್ಟಿರುತ್ತವೆ. ಬಂದು ಮಾತ್ರೆ ಒಯ್ದವರ ಗುರುತು ಇನ್ನೊಬ್ಬರ ಕಾರ್ಡಿನಲ್ಲಿ ಬಿದ್ದಿರುವುದು ಸಾಮಾನ್ಯ. ಹೆಸರು ನೋಡಬೇಡ, ನೋಂದಣಿ ಸಂಖ್ಯೆ ನೋಡು. ಕಾರ್ಡು ಸರಿಯಿದ್ದರೂ ಆಸಾಮಿ ಬಂದಿಲ್ಲವೆಂದರೆ, ಹುಡುಕಿಕೊಂಡು ಬರಲು ಅವರ ಒಪ್ಪಿಗೆ ಇದೆಯೇ ಎಂಬ ಕಾಲಂ ನೋಡು. ‘ಇಲ್ಲ’ ಎಂದಿದ್ದರೆ ಫೋನೂ ಇಲ್ಲ, ಭೇಟಿಯೂ ಇಲ್ಲ.

‘ಹೌದು’ ಎಂದಿದ್ದರೂ ಫೋನು ನೀನು ಮಾಡಬೇಡ. ಒಂದು ಮನೆಗೆ ಒಂದೇ ಫೋನು ಇರುವುದುಂಟು, ಎತ್ತುವುದು ಅತ್ತೆಯೋ ಮೈದುನನೋ ಹೇಳಲಾಗದು. ಪರದೇಶದ ದನಿ ಕೇಳಿದೊಡನೆ ‘ಯಾರದು, ಯಾಕೆ’ ಎಂಬ ಪ್ರಶ್ನೆ ಏಳುತ್ತದೆ. ಎಕ್ಸ್‌ಪರ್ಟ್ ಕ್ಲೈಂಟ್ ಮಾಡಲಿ, ಬೇರೆ ಯಾರು ಎತ್ತಿದರೂ ಕ್ಲಿನಿಕ್ಕಿನ ಹೆಸರು ಹೇಳದೆ ‘ಮತ್ತೆ ಮಾಡುತ್ತೇನೆ’ ಎಂದಿಡಲಿ, ನೀನು ಪಕ್ಕದಲ್ಲಿ ಕೂತು ಫಲಿತಾಂಶ ಬರೆದುಕೋ. ಮನೆ ಭೇಟಿಗಂತೂ ಕಾಲಿಡಲೇಬೇಡ. ನೀನು ಓಣಿಗೆ ಇಳಿದರೆ ಮಕ್ಕಳ ಹಿಂಡು ‘ಮ್ಜುಂಗು, ಮ್ಜುಂಗು’, ಅಂದರೆ ಬಿಳಿಯರು, ಎಂದು ಕೂಗುತ್ತಾ ಹಿಂದೆ ಬರುತ್ತದೆ, ದೊಡ್ಡವರು ‘ಅಮ್ವೆನ್ಯೆ’, ಅಂದರೆ ಅಂಗಡಿ ಇಟ್ಟಿರುವ ಇಂಡಿಯಾದವರ ಪೈಕಿ, ಎಂದುಕೊಳ್ಳುತ್ತಾರೆ. ನೀನು ನಿಂತ ಬಾಗಿಲ ಮೇಲೆ ಇಡೀ ಓಣಿಯ ಕಣ್ಣು ಬೀಳುತ್ತದೆ. ಆ ಹೆಂಗಸು ಮುಂದಿನ ತಿಂಗಳೂ ಅದೇ ಓಣಿಯಲ್ಲಿ ನೀರು ಹಿಡಿಯಬೇಕು.

ಯಾಕೆ ಬರಲಿಲ್ಲ ಎಂಬುದಕ್ಕೆ ಕಾರಣ ನೂರು. ಕೂಲಿಗೆ ಎಸ್ಟೇಟಿಗೋ ದಕ್ಷಿಣ ಆಫ್ರಿಕಾಕ್ಕೋ ಹೋಗಿರುತ್ತಾರೆ, ಮಿನಿಬಸ್ಸಿಗೆ ಕಾಸಿರುವುದಿಲ್ಲ, ಪ್ರಾರ್ಥನೆಯಿಂದ ವಾಸಿಯಾಯಿತೆಂದು ಯಾರೋ ಹೇಳಿರುತ್ತಾರೆ, ಇಲ್ಲವೇ ಹೇಳದೆ ಕೇಳದೆ ಬೇರೆ ಕ್ಲಿನಿಕ್ ಸೇರಿರುತ್ತಾರೆ. ಜನವರಿಯಿಂದ ಮಾರ್ಚಿನವರೆಗೆ ಹಿಂದಿನ ಮೆಕ್ಕೆಜೋಳ ಮುಗಿದು ಹೊಸದು ಕೈಗೆ ಬಾರದ ಹಸಿವಿನ ಕಾಲ. ಆಗ ‘ಹೊಟ್ಟೆಗಿಲ್ಲದೆ ಮಾತ್ರೆ ಹೇಗೆ ನುಂಗಲಿ’ ಎಂಬ ಮಾತು ಹೆಚ್ಚಾಗಿ ಕೇಳಿಬರುತ್ತದೆ. ಟಿಎಲ್‌ಡಿಗೆ ಊಟದ ಹಂಗಿಲ್ಲ. ಹಿಂದಿನ ಎಫಾವಿರೆಂಜ್ ಮಾತ್ರೆ ತಲೆ ಸುತ್ತಿಸುತ್ತಿತ್ತೆಂದು ಮಲಗುವಾಗಲೇ ನುಂಗಿಸುತ್ತಿದ್ದರು, ಹಳಬರಲ್ಲಿ ಆ ರೂಢಿ ಇನ್ನೂ ಇದೆ. ಡೊಲುಟೆಗ್ರಾವಿರ್‌ನಿಂದ ನಿದ್ದೆ ಕೆಡುತ್ತಿದ್ದರೆ ಬೆಳಿಗ್ಗೆ ನುಂಗಬಹುದು. ಟಿಬಿಗೆ ರಿಫಾಂಪಿಸಿನ್ ಶುರುವಾದವರಿಗೆ ಮಾತ್ರ ಹನ್ನೆರಡು ತಾಸು ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಬೇಕು, ಇಲ್ಲದಿದ್ದರೆ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಎರಡು ಕಾರ್ಡು ಎರಡು ಕೋಣೆಯಲ್ಲಿದ್ದರೆ ಇದು ಕಣ್ತಪ್ಪುತ್ತದೆ. ಟಿಬಿ ಚೀಟಿ ಕಂಡೊಡನೆ ನರ್ಸ್ ಬಳಿ ಒಯ್ಯಿ.

ಬಿಟ್ಟುಹೋದವರು ವಾಪಸು ಬಂದಾಗ ಯಾರೂ ಗದರದಂತೆ ನೋಡಿಕೊಳ್ಳುವುದು ದೊಡ್ಡ ಕೆಲಸ. ಗದರಿದರೆ ಮುಂದಿನ ಸಲ ಬೇರೆ ಊರಿನಲ್ಲಿ, ಹೊಸಬರೆಂದು ಹೆಸರು ಬರೆಸುತ್ತಾರೆ. ಹಳೆಯ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆಯ, ಫಲಿತಾಂಶವೆಲ್ಲ ಅಲ್ಲಿಗೆ ಕಳೆದುಹೋಗುತ್ತದೆ, ಔಷಧ ನಾಟುತ್ತಿದೆಯೋ ಇಲ್ಲವೋ ಎಂದು ಹೇಳಲು ಆಧಾರವೇ ಉಳಿಯುವುದಿಲ್ಲ.

ಮಕ್ಕಳ ಕ್ಲಬ್ಬಿನಲ್ಲಿ ನಾಲಿಗೆ ಬಿಗಿಹಿಡಿ. ಅಲ್ಲಿ ಆಡುವ ಎಲ್ಲರಿಗೂ ತಮಗಿರುವುದು ಏನೆಂದು ಗೊತ್ತಿರುತ್ತದೆಂದು ಎಣಿಸಬೇಡ. ಆರರಿಂದ ಹನ್ನೆರಡರೊಳಗೆ ಹಂತಹಂತವಾಗಿ, ಮನೆಯವರೂ ನರ್ಸೂ ಸೇರಿ ಹೇಳಬೇಕಾದ ವಿಷಯ ಅದು. ಪ್ರತಿ ಮಗುವಿಗೆ ಎಷ್ಟು ತಿಳಿಸಲಾಗಿದೆ ಎಂದು ಕ್ಲಬ್ಬಿನವರನ್ನು ಕೇಳಿ ತಿಳಿದುಕೋ. ಫೋಟೋ ಒಂದೂ ಬೇಡ, ನಗುವ ಗುಂಪಿನದ್ದೂ ಬೇಡ. ಶಾಲೆ ಫೀಸು ಕೇಳಿದರೆ ಪರ್ಸ್ ತೆಗೆಯಬೇಡ, ಸಂಸ್ಥೆಗೆ ತಿಳಿಸು.

ನಿನ್ನ ಆರೋಗ್ಯದ ಮಾತು ಚುಟುಕಾಗಿ. ಜೊತೆಯಲ್ಲಿ ಉಂಡರೆ, ಕೈ ಕುಲುಕಿದರೆ ಏನೂ ಆಗದೆಂದು ನಿನಗೆ ಹೇಳಬೇಕಾಗಿಲ್ಲ, ನಿನ್ನಜ್ಜಿಗೆ ನೀನೇ ಹೇಳು. ಸೂಜಿ ಚುಚ್ಚಿದರೆ ಹಿಂಡಬೇಡ, ಸೋಪು ನೀರಲ್ಲಿ ತೊಳೆದು ಕೂಡಲೇ ತಿಳಿಸು. ತಡೆ ಔಷಧ 72 ತಾಸಿನೊಳಗೆ ಶುರುವಾಗಿ 28 ದಿನ ನಡೆಯಬೇಕು. ಆ ಮಾತ್ರೆ ಯಾವ ಕಪಾಟಿನಲ್ಲಿದೆ, ಬೀಗದ ಕೈ ಯಾರ ಬಳಿ ಎಂದು ಮೊದಲ ದಿನವೇ ಕೇಳಿಡು. ಹೆಚ್ಚು ಹೆದರಬೇಕಾದ್ದು ಟಿಬಿಗೆ: ಕಿಟಕಿ ತೆರೆದಿಡು, ಗಾಳಿ ನಿನ್ನ ಬೆನ್ನ ಕಡೆಯಿಂದ ಬೀಸುವಂತೆ ಕೂರು, ಎನ್‌-95 ಮಾಸ್ಕ್ ಒಯ್ಯಿ. ಮಲೇರಿಯಾ ತಡೆಗೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಊರಿಗೆ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಮಲಾವಿ ಸರೋವರದಲ್ಲಿ ಈಜುವ ಆಸೆ ಬೇಡ, ಬಸವನಹುಳುವಿನಿಂದ ಹರಡುವ ಬಿಲ್ಹಾರ್ಜಿಯಾ ಇದೆ. ಜೂನ್-ಜುಲೈನಲ್ಲಿ ಚಳಿ, ಸ್ವೆಟರ್ ಇರಲಿ.

ಹೊರಡುವ ಮೂರು ವಾರ ಮೊದಲೇ ಪಟ್ಟಿಯ ಕೆಲಸವನ್ನು ಅಲ್ಲಿನವರೊಬ್ಬರಿಗೆ ಪಕ್ಕದಲ್ಲಿ ಕೂತು ಒಪ್ಪಿಸು. ಫೋನಿನಲ್ಲಿರುವ ರೋಗಿಗಳ ನಂಬರು, ಮೆಸೇಜು ಎಲ್ಲ ವಿಮಾನ ಹತ್ತುವ ಮುನ್ನ ಅಳಿಸು.

ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲವೆಂದರೆ ಮೊದಲನೆಯದನ್ನು ಈ ವಾರವೇ ಹಾಕಿಸು. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಟಿಕೆಟ್ ದಿನವನ್ನು ಅದಕ್ಕೆ ಹೊಂದಿಸಿಕೊಂಡು ನನಗೆ ಬರೆ.

ಇಂತಿ,
ನಿನ್ನ ದೊಡ್ಡಮ್ಮ